ಕನೆಕ್ಟರಿನ ಇನ್ನೊಂದು ತುದಿಯಲ್ಲಿ

"ನೀವೇನು ಕೆಲಸ ಮಾಡ್ತೀರಿ?" ಎಂದು ಯಾರಾದರೂ ಕೇಳಿದಾಗ ನಾನು ಮೊದಲೆಲ್ಲ ಸ್ವಲ್ಪ ಜಂಬದಿಂದಲೇ ಉತ್ತರ ಕೊಡುತ್ತಿದ್ದೆ. ಆಸ್ಪತ್ರೆಯಲ್ಲಿ ರೋಗಿಗೆ ಉಸಿರು ಕೊಡುವ ಪೈಪುಗಳನ್ನು ನೋಡಿದ್ದೀರಲ್ಲ, ಒಂದು ಪೈಪಿಗೆ ಇನ್ನೊಂದನ್ನು ಸೇರಿಸುವ ಪ್ಲಾಸ್ಟಿಕ್ ತುಂಡು ಇರುತ್ತದೆ, ಅದನ್ನು ವಿನ್ಯಾಸ ಮಾಡುತ್ತೇನೆ ಎನ್ನುತ್ತಿದ್ದೆ. ಕೇಳಿದವರ ಮುಖ ಪೆಚ್ಚಾಗುತ್ತಿತ್ತು. ಇಂಜಿನಿಯರಿಂಗ್ ಓದಿದ ಹುಡುಗಿ ಪೈಪಿನ ತುದಿ ಮಾಡಿಕೊಂಡು ಕೂತಿದ್ದಾಳೆ ಎಂದರೆ ಯಾರಿಗೆ ತಾನೇ ಖುಷಿಯಾಗುತ್ತದೆ? ನನ್ನ ತಾಯಿ, ಅಮ್ಮಿ, ನೆಂಟರ ಹತ್ತಿರ "ನಮ್ಮ ನಾಜಿಮಾ ಆಸ್ಪತ್ರೆ ಸಾಮಾನಿನ ಫ್ಯಾಕ್ಟರಿಯಲ್ಲಿದಾಳೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು.

ಈಗ ಅಂಥದೇ ಒಂದು ತುಂಡು ನನ್ನ ಕುತ್ತಿಗೆಯಲ್ಲಿದೆ. ಮೊದಲು ಕರಿಮಣಿ ಇರುತ್ತಿದ್ದ ಜಾಗದಲ್ಲಿ ಒಂದು ನಳಿಕೆ, ಅದರ ಬಾಯಿಗೆ ಒಂದು ಕನೆಕ್ಟರ್. ಮೂಗಿಗೆ ಪೂರ್ತಿ ರಜೆ, ಉಸಿರೆಲ್ಲ ಅಲ್ಲಿಂದಲೇ. ಬಸ್ಸಿನಲ್ಲಿ ಕೆಲವರು ನೋಡಿದ ತಕ್ಷಣ ಮುಖ ತಿರುಗಿಸುತ್ತಾರೆ, ಕೆಲವರು ಇಳಿಯುವ ಸ್ಟಾಪು ಬಂದರೂ ನೋಡುತ್ತಲೇ ಇರುತ್ತಾರೆ. ಎರಡೂ ಅಭ್ಯಾಸವಾಗಿದೆ. ಹೀಗೆ ನಳಿಕೆ ಹಾಕಿಸಿಕೊಂಡು ಮನೆಗೆ ಬಂದವರು, ಅಂಥವರನ್ನು ನೋಡಿಕೊಳ್ಳುವವರು ನಮ್ಮ ಜಿಲ್ಲೆಯಲ್ಲೇ ಎಷ್ಟೋ ಜನ ಇರಬೇಕು. ನನಗೆ ಮಾತ್ರ ಆಗ ಅಂಥ ಒಬ್ಬರೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅರ್ಧ ಭಯ ಕಡಿಮೆಯಾಗುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಮಾಚೇನಹಳ್ಳಿಯ ಹತ್ತಿರ, ಪ್ರಭಾಕರ್ ಸರ್ ಅವರ ಒಂದು ಚಿಕ್ಕ ಕಾರ್ಖಾನೆ ಇದೆ. ನಾನು ಅಲ್ಲಿ ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಪಕ್ಕದ ಶೆಡ್ಡಿನಲ್ಲಿ ಅದರ ಅಚ್ಚು ತಯಾರಾಗಿ, ಪ್ಲಾಸ್ಟಿಕ್ ಕರಗಿ, ಬಿಸಿಬಿಸಿ ತುಂಡುಗಳು ಬುಟ್ಟಿಗೆ ಬೀಳುತ್ತವೆ. ಈ ಕನೆಕ್ಟರುಗಳಿಗೆ ನಲ್ಲಿಯ ಹಾಗೆ ತಿರುಪು ಇರುವುದಿಲ್ಲ, ಕೊಂಡಿಯೂ ಇರುವುದಿಲ್ಲ. ಒಂದರ ತುದಿ ಸ್ವಲ್ಪ ಸ್ವಲ್ಪವೇ ಸಣ್ಣಗಾಗುತ್ತ ಹೋಗುತ್ತದೆ, ಇನ್ನೊಂದು ಅದನ್ನು ಒಳಗೆ ತೆಗೆದುಕೊಳ್ಳುತ್ತದೆ. ಒತ್ತಿ, ಚೂರು ತಿರುಗಿಸಿದರೆ ಹಿಡಿದುಕೊಳ್ಳುತ್ತದೆ. ಆ ಇಳಿಜಾರು ಕೂದಲೆಳೆಯಷ್ಟು ತಪ್ಪಿದರೂ ಸೋರುತ್ತದೆ ಅಥವಾ ಕಳಚುತ್ತದೆ. ನಾವು ಜೋಡಿಸಿದ ತುಂಡಿಗೆ ತೂಕ ನೇತುಹಾಕಿ, ಎಳೆದು, ಜಗ್ಗಿ ಪರೀಕ್ಷೆ ಮಾಡುತ್ತೇವೆ. ಕಳಚದಿದ್ದರೆ ಪಾಸು. ವರ್ಷಗಟ್ಟಲೆ ನನ್ನ ತಲೆಯಲ್ಲಿ ಓಡಿದ್ದು ಅದೊಂದೇ ಯೋಚನೆ: ಸೋರಬಾರದು, ಕಳಚಬಾರದು.

ನನ್ನ ಗಂಡ ಸಲೀಂ ಅವರದೂ ಹೆಚ್ಚುಕಡಿಮೆ ಅದೇ ಯೋಚನೆಯ ಕೆಲಸ. ಭದ್ರಾವತಿಯಲ್ಲಿ ಅವರದು ಲಾರಿ, ಟ್ರಾಕ್ಟರ್ ರಿಪೇರಿಯ ಗ್ಯಾರೇಜು. ಎಣ್ಣೆ ಸೋರಬಾರದು, ಗಾಳಿ ಸೋರಬಾರದು, ಹೋಸ್ ಪೈಪು ಕಳಚಬಾರದು. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಊಟಕ್ಕೆ ಕೂತು ಇದನ್ನೇ ಮಾತಾಡುತ್ತಿದ್ದೆವು. ನಮ್ಮ ಜೊತೆಗೇ ಇರುವ ಅಮ್ಮಿ ಕೇಳಿಸಿಕೊಂಡು ಹಣೆ ಚಚ್ಚಿಕೊಳ್ಳುತ್ತಿದ್ದರು. ಮನೆಯಲ್ಲಿ ನಾವು ಆಡುವುದು ದಖನಿ ಉರ್ದು. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ, ಅರ್ಥ ಬದಲಾಗುವುದಿಲ್ಲ.

ಕಾಯಿಲೆ ಶುರುವಾದದ್ದು ಪಾದದಿಂದ. ಅಂಗಾಲು ಜುಮ್ಮೆನ್ನುತ್ತಿತ್ತು. ಹೊಸ ಚಪ್ಪಲಿಯನ್ನು ಬೈದುಕೊಂಡೆ. ಮರುದಿನ ಬಸ್ಸಿನ ಮೆಟ್ಟಿಲು ಹತ್ತಲು ಹೋದರೆ ಕಾಲು ಮೇಲೆ ಬರಲಿಲ್ಲ. ಕಂಡಕ್ಟರು "ಬೇಗ ಹತ್ತಿ ಮೇಡಂ" ಎಂದು ಗದರಿದ. ಅದರ ಮಾರನೇ ದಿನ ಮೌಸಿನ ಮೇಲಿದ್ದ ಬೆರಳು ನಾನು ಹೇಳಿದ ಮಾತು ಕೇಳಲಿಲ್ಲ. ಚಹಾದ ಲೋಟ ಎತ್ತಲಾಗದೆ ಅತ್ತಾಗ ಸಲೀಂ ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಗಾಡಿ ಹತ್ತಿಸಿ ಶಿವಮೊಗ್ಗದ ಆಸ್ಪತ್ರೆಗೆ ಕರೆತಂದರು.

ಡಾಕ್ಟರು ಮಂಡಿಗೆ ಸಣ್ಣ ಸುತ್ತಿಗೆಯಿಂದ ಬಡಿದರು. ಕಾಲು ಮಿಸುಕಲಿಲ್ಲ. ನರಗಳ ಕಾಯಿಲೆಯ ಒಂದು ಉದ್ದದ ಹೆಸರು ಹೇಳಿದರು. ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಹೇಳಲು ಬರುವುದಿಲ್ಲ, ಹೆಚ್ಚಿನವರು ನಿಧಾನಕ್ಕೆ ಸುಧಾರಿಸುತ್ತಾರೆ ಎಂದರು. ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅಮ್ಮಿಗೆ ಸಲೀಂ ಇದನ್ನು ವಿವರಿಸುತ್ತಿದ್ದುದು ಪರದೆಯ ಹಿಂದಿನಿಂದ ನನಗೆ ಕೇಳಿಸುತ್ತಿತ್ತು.

"ಇಂಜಿನ್ ಚೆನ್ನಾಗಿದೆ ಅಮ್ಮಿ. ವೈರಿಂಗ್ ಹೋಗಿದೆ ಅಷ್ಟೆ. ವೈರಿಂಗ್ ಮಾಡ್ಕೊಡ್ತಾರೆ."

ಧ್ವನಿ ಮಾತ್ರ ನಡುಗುತ್ತಿತ್ತು. ಅವರ ಧ್ವನಿ ಹಾಗೆ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು, ಮತ್ತು ನನಗೆ ನಿಜವಾಗಿ ಹೆದರಿಕೆಯಾದದ್ದೂ ಆಗಲೇ.

ಅದು ಎದೆಯವರೆಗೂ ಹತ್ತಿತು. ಮೊದಲು ಬಾಯಿಂದ ನಳಿಕೆ ಇಳಿಸಿ ವೆಂಟಿಲೇಟರಿಗೆ ಸೇರಿಸಿದರು, ಆಮೇಲೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ಅಲ್ಲಿಂದ ನಳಿಕೆ ಹಾಕಿದರು. ಕಣ್ಣು ಮತ್ತು ರೆಪ್ಪೆ ಬಿಟ್ಟರೆ ನನ್ನದು ಅಂತ ಆಡುವುದು ಏನೂ ಇರಲಿಲ್ಲ. ಮಾತು ಇಲ್ಲ. ಕುತ್ತಿಗೆಯ ನಳಿಕೆಯಿಂದ ಗಾಳಿ ಹೋಗಿ ಬರುವಾಗ ಗಂಟಲಿನ ಧ್ವನಿಗೆ ಗಾಳಿಯೇ ಸಿಗುವುದಿಲ್ಲ. ಇದು ನನಗೆ ಕೆಲಸದಿಂದಾಗಿ ಗೊತ್ತಿದ್ದ ವಿಷಯವೇ. ಗೊತ್ತಿರುವುದಕ್ಕೂ, ಬಾಯಿ ತೆರೆದು "ಅಮ್ಮಿ" ಎಂದಾಗ ಏನೂ ಬಾರದೆ ಇರುವುದಕ್ಕೂ ಬಹಳ ವ್ಯತ್ಯಾಸ.

ನೋಡಲು ಅಂತ ಇದ್ದದ್ದು ಎದುರಿನ ಗಡಿಯಾರ, ಮತ್ತು ನನ್ನ ಗಲ್ಲದ ಕೆಳಗೆ ಕಾಣುತ್ತಿದ್ದ ಕನೆಕ್ಟರ್. ಗಡಿಯಾರ ನೋಡಿದರೆ ಅಳು ಬರುತ್ತಿತ್ತು. ಹಾಗಾಗಿ ಕನೆಕ್ಟರ್ ನೋಡುತ್ತಿದ್ದೆ. ಅದರ ಮೇಲಿನ ಗುರುತನ್ನು ಹುಡುಕಿದೆ. ನಮ್ಮದಲ್ಲ! ಪ್ರತಿ ಸಲ ಟೆಂಡರಿನಲ್ಲಿ ನಮ್ಮನ್ನು ಹಿಂದೆ ಹಾಕುವವರ ಮಾಲು. ಅಷ್ಟು ಸಂಕಟದಲ್ಲೂ ನನಗೆ ಹೊಟ್ಟೆ ಉರಿಯಿತು. ಅಚ್ಚಿನ ಎರಡು ಭಾಗ ಸೇರುವ ಕಡೆ ಒಂದು ಸಣ್ಣ ಏಣು ಹಾಗೇ ಉಳಿದಿತ್ತು. ನರ್ಸು ತಲೆ ತಿರುಗಿಸಿದಾಗಲೆಲ್ಲ ಅದು ಕೊರಳೆಲುಬಿನ ಮೇಲೆ ಗೀರುತ್ತಿತ್ತು. ಇದನ್ನು ನಾನಾಗಿದ್ದರೆ ಪಾಸು ಮಾಡುತ್ತಿರಲಿಲ್ಲ ಎಂದು ಮನಸ್ಸಿನಲ್ಲೇ ಜಗಳ ಆಡಿದೆ. ಆಮೇಲೆ, ಪಾಪ, ಅದೇ ನನ್ನನ್ನು ಬದುಕಿಸಿದ್ದು ಎಂದು ಸುಮ್ಮನಾದೆ.

ದಿನಕ್ಕೊಂದು ಸಲ ಒಬ್ಬರನ್ನು ಒಳಗೆ ಬಿಡುತ್ತಿದ್ದರು. ನಮ್ಮಲ್ಲಿ ಕಾಯಿಲೆಯವರ ತಲೆಯ ಹತ್ತಿರ ಕೂತು ಪ್ರಾರ್ಥನೆ ಓದಿ ಮುಖದ ಮೇಲೆ ಮೆಲ್ಲಗೆ ಊದುವ ಪದ್ಧತಿ ಇದೆ. ಅಮ್ಮಿ ಮೊದಲ ದಿನ ಹಾಗೇ ಓದಿದರು, ಮುಖಕ್ಕೆ ಊದಲು ಬಗ್ಗಿದವರು ಅರ್ಧದಲ್ಲಿ ನಿಂತರು. ನನ್ನ ಮುಖ ನೋಡಿದರು, ಕುತ್ತಿಗೆ ನೋಡಿದರು. ಮಗಳು ಮೂಗಿನಿಂದ ಉಸಿರಾಡುತ್ತಿಲ್ಲ ಎಂದ ಮೇಲೆ ಮುಖಕ್ಕೆ ಊದಿ ಏನು ಉಪಯೋಗ ಎಂದು ಅವರಿಗೆ ಅನ್ನಿಸಿರಬೇಕು. ಮಾಸ್ಕ್ ಕೆಳಗಿಳಿಸಿ ನೇರವಾಗಿ ನಳಿಕೆಯ ಕಡೆಗೇ ಬಾಯಿ ತಂದರು. ಡ್ಯೂಟಿಯಲ್ಲಿದ್ದ ಸಿಸ್ಟರ್ ಓಡಿ ಬಂದು ಹಿಡಿದರು.

"ಅಮ್ಮಾ, ಅಮ್ಮಾ, ಅಲ್ಲಿ ಊದಂಗಿಲ್ಲ! ಇನ್ಫೆಕ್ಷನ್ ಆಗುತ್ತೆ. ಮಾಸ್ಕ್ ಹಾಕ್ಕೊಳ್ಳಿ."

"ಮಾಸ್ಕ್ ಹಾಕ್ಕೊಂಡು ಊದಿದ್ರೆ ದುವಾ ಒಳಗೇ ಉಳ್ಕೊಳ್ಳುತ್ತಲ್ಲಮ್ಮ?"

ಆ ಸಿಸ್ಟರ್ ಆಯನೂರಿನ ಕಡೆಯ ಹುಡುಗಿ, ಹೆಸರು ಶಶಿಕಲಾ. ನಗಲಿಲ್ಲ. ಒಂದು ಕ್ಷಣ ನಿಂತು ಯೋಚಿಸಿ, "ದುವಾ ಮಾಸ್ಕ್ ದಾಟುತ್ತೆ ಅಮ್ಮಾ. ಕ್ರಿಮಿ ದಾಟಲ್ಲ," ಎಂದರು.

ಅಮ್ಮಿಗೆ ಅದು ಒಪ್ಪಿಗೆಯಾಯಿತು. ಅಂದಿನಿಂದ ಮಾಸ್ಕ್ ಹಾಕಿಕೊಂಡೇ, ದೂರದಿಂದ, ನನ್ನ ಕುತ್ತಿಗೆಯ ಕಡೆಗೆ ಊದುತ್ತಿದ್ದರು. ಇಡೀ ಐಸಿಯುವಿನಲ್ಲಿ ನನಗೆ ಸಿಕ್ಕ ದೊಡ್ಡ ಔಷಧ ಯಾವುದು ಎಂದರೆ ನಾನು ಶಶಿಕಲಾ ಅವರ ಆ ಒಂದು ಮಾತು ಎನ್ನುತ್ತೇನೆ.

ನರಗಳು ನಿಧಾನಕ್ಕೆ ಚೇತರಿಸಿಕೊಂಡವು. ಮೊದಲು ಭುಜ, ಆಮೇಲೆ ಎದೆ. ವೆಂಟಿಲೇಟರ್ ಬಿಡಿಸುವ ಅಭ್ಯಾಸ ಶುರುವಾಯಿತು. ಯಂತ್ರದ ಪೈಪು ತೆಗೆದು, ಅದರ ಜಾಗದಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದ ಕನೆಕ್ಟರ್ ಸಿಕ್ಕಿಸುತ್ತಾರೆ. ಒಂದು ಕಡೆಯಿಂದ ಆಮ್ಲಜನಕ ಬರುತ್ತದೆ, ಇನ್ನೊಂದು ಕಡೆ ತೆರೆದೇ ಇರುತ್ತದೆ. ಉಸಿರು ನಾವೇ ಎಳೆದುಕೊಳ್ಳಬೇಕು. ಅಂಥ ಟಿಗಳನ್ನು ನಾನು ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಮೇಜಿನ ಮೇಲೆ ಅದೊಂದು ಸಾಧಾರಣ ತುಂಡು. ಅದು ಬಂದು ಕುತ್ತಿಗೆಗೆ ಕೂತು, ಯಂತ್ರದ ಸದ್ದು ನಿಂತಾಗ ನನ್ನ ಎದೆ ಇಷ್ಟೊಂದು ಒಂಟಿ ಎಂದು ಅನ್ನಿಸಿದ್ದು ಜೀವನದಲ್ಲೇ ಇಲ್ಲ. ಮೊದಮೊದಲು ಸ್ವಲ್ಪ ಹೊತ್ತಿಗೇ ಸೋತು ಕಣ್ಣು ಮಿಟುಕಿಸುತ್ತಿದ್ದೆ, ಮತ್ತೆ ಯಂತ್ರ ಹಾಕುತ್ತಿದ್ದರು.

ಒಂದು ದಿನ ಆ ಹೊತ್ತಿಗೆ ಸಲೀಂ ಒಳಗಿದ್ದರು. ಟಿಯಿಂದ ಗಾಳಿ ಬುಸ್ಸೆಂದು ಹೊರಗೆ ಹೋಗುತ್ತಿತ್ತು. ಗ್ಯಾರೇಜಿನವರ ಕಿವಿ. ಬಗ್ಗಿ, ಕಿವಿಗೊಟ್ಟು, ಜಾಗ ಪತ್ತೆ ಮಾಡಿ, ಗಂಭೀರವಾಗಿ ಹೇಳಿದರು: "ಸಿಸ್ಟರ್, ಇಲ್ಲಿ ಲೀಕ್ ಇದೆ."

"ಅದು ಲೀಕ್ ಅಲ್ಲ ಅಣ್ಣ, ಅದು ಇರೋದೇ ಹಂಗೆ. ಅಲ್ಲಿ ಮುಚ್ಚಿದ್ರೆ ಇವ್ರು ಉಸಿರು ಹೊರಗೆ ಬಿಡೋದು ಎಲ್ಲಿಂದ?"

ಸಲೀಂ ನನ್ನ ಕಡೆ ನೋಡಿದರು, ಹೌದಾ ಎಂಬಂತೆ. ನಾನು ರೆಪ್ಪೆ ಮುಚ್ಚಿ ತೆಗೆದು ಹೌದು ಎಂದೆ. ಒಳಗೊಳಗೇ ನಗು ಬಂತು. ನಗುವುದಕ್ಕೂ ಉಸಿರು ಬೇಕು ಎಂದು ಆಗ ಗೊತ್ತಾಯಿತು, ಮತ್ತು ಆ ನಗುವಿನಲ್ಲೇ ಅವತ್ತು ಮೊದಲ ಸಲ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಯಂತ್ರವಿಲ್ಲದೆ ಕಳೆದೆ.

ಯಂತ್ರ ಪೂರ್ತಿ ಬಿಟ್ಟ ಮೇಲೆ ನಳಿಕೆಯನ್ನೂ ತೆಗೆಯುತ್ತಾರೆ ಎಂದು ನಾವೆಲ್ಲ ನಂಬಿದ್ದೆವು. ಅಮ್ಮಿ ಹಂಚಲು ಸಿಹಿ ಏನು ಮಾಡಬೇಕೆಂದೂ ಯೋಚಿಸಿಟ್ಟಿದ್ದರು. ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, ನಳಿಕೆಯ ಮೇಲ್ಭಾಗದಲ್ಲಿ ಶ್ವಾಸನಾಳ ಕಿರಿದಾಗಿದೆ ಎಂದರು. ಒಳಗೆ ಗಾಯ ಮಾಗುವಾಗ ಕೆಲವರಿಗೆ ಹೀಗಾಗುತ್ತದಂತೆ. ಮುಂದೆ ಆಪರೇಷನ್ ಮಾಡಬಹುದು, ಆದರೆ ದೇಹಕ್ಕೆ ಮೊದಲು ಬಲ ಬರಬೇಕು, ಅಲ್ಲಿಯವರೆಗೆ ನಳಿಕೆ ಇರಲೇಬೇಕು.

"ಅಲ್ಲೀವರೆಗೆ ಅಂದ್ರೆ ಯಾವಾಗಿನವರೆಗೆ ಡಾಕ್ಟ್ರೇ?" ಸಲೀಂ ಕೇಳಿದರು.

"ಹೇಳಕ್ಕಾಗಲ್ಲ. ಇದ್ರ ಜೊತೆ ಬದುಕೋದು ಕಲೀರಿ. ತುಂಬಾ ಜನ ಬದುಕ್ತಾರೆ."

ಆಕೆ ಒಳ್ಳೆಯ ಡಾಕ್ಟರು. ಸುಳ್ಳು ಭರವಸೆ ಕೊಡಲಿಲ್ಲ. ಆದರೂ ನನಗೆ ಆಕೆಯ ಮೇಲೆ ಕೆಟ್ಟ ಕೋಪ ಬಂತು. ಮಾತಾಡಲು ಅಂತ ಇರುವ ಒಂದು ವಾಲ್ವನ್ನು ನಳಿಕೆಗೆ ಸಿಕ್ಕಿಸಿ ನೋಡಿದರು. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹೊರಹೋಗುವ ಉಸಿರು ಬಾಯಿಯಿಂದ ಹೋಗಬೇಕು. ನನ್ನ ಕಿರಿದಾದ ದಾರಿಗೆ ಅದು ಸಾಲದೆ ಎದೆ ಊದಿಕೊಂಡು ಒದ್ದಾಡಿಬಿಟ್ಟೆ. ತಕ್ಷಣ ತೆಗೆದರು. ಕೊನೆಗೆ ಉಳಿದದ್ದು ಒಂದೇ ದಾರಿ: ಉಸಿರು ತೆಗೆದುಕೊಂಡು, ನಳಿಕೆಯ ಬಾಯನ್ನು ಬೆರಳಿನಿಂದ ಮುಚ್ಚಿ ಎರಡು ಮಾತಾಡುವುದು, ಬೆರಳು ತೆಗೆಯುವುದು, ಮತ್ತೆ ಉಸಿರು. ಎಲ್ಲರೂ ತಮ್ಮ ಬೆರಳಿನಿಂದಲೇ ಮುಚ್ಚಿಕೊಳ್ಳುತ್ತಾರೆ. ನನ್ನ ಬೆರಳ ತುದಿಗಳಿಗೆ ಇನ್ನೂ ಸ್ಪರ್ಶ ಬಂದಿರಲಿಲ್ಲ. ರಂಧ್ರ ಮುಚ್ಚಿತೋ ಇಲ್ಲವೋ ತಿಳಿಯದೆ ಬರೀ ಗಾಳಿ ಸುರ್ರೆನ್ನುತ್ತಿತ್ತು. ಅಮ್ಮಿಗೆ ಅಲ್ಲಿ ಮುಟ್ಟಲು ಭಯ. ಹಾಗಾಗಿ ಬೆರಳಿಡುವ ಕೆಲಸ ಸಲೀಂ ಅವರ ಪಾಲಿಗೆ ಬಂತು.

ಹೀಗೆ ನಾನು ಭದ್ರಾವತಿಯ ಮನೆಗೆ ಬಂದೆ. ಗಂಡನ ಬೆರಳಿಲ್ಲದೆ ಒಂದು ಮಾತೂ ಆಡಲಾಗದ ಹೆಂಗಸು. ಸಾಬೂನು ಹಾಕಿ ಎಷ್ಟು ತಿಕ್ಕಿ ತೊಳೆದು ಬಂದರೂ ಆ ಬೆರಳಿಗೆ ಗ್ರೀಸಿನ ವಾಸನೆ ಇದೆ ಎಂದು ನನಗೆ ಅನುಮಾನ. ಆದರೆ ಮೂಗು ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಖಚಿತ ಮಾಡಿಕೊಳ್ಳಲು ಆಗಲಿಲ್ಲ. "ಹೇಳು" ಎಂದು ಬೆರಳಿಡುತ್ತಿದ್ದರು. ಒಡಕು ತಮಟೆಯಂಥ ಧ್ವನಿಯಲ್ಲಿ ನಾನು ಎರಡೋ ಮೂರೋ ಶಬ್ದ ಹೇಳುತ್ತಿದ್ದೆ. "ನೀರು ಬಿಸಿ ಇಲ್ಲ." "ಫ್ಯಾನ್ ಜೋರು ಮಾಡಿ." ಅಷ್ಟರವರೆಗೆ ಎಲ್ಲ ಸರಿ. "ನಿನ್ನೆ ನೀವು ಯಾಕೆ ಅಮ್ಮಿ ಹತ್ರ" ಎಂದು ನಾನು ಶುರು ಮಾಡಿದರೆ ಸಾಕು, ಬೆರಳು ಹೊರಟುಹೋಗುತ್ತಿತ್ತು.

"ಉಸಿರು ತಗೋ ಮಾರಾಯ್ತಿ, ಆಯಾಸ ಆಗುತ್ತೆ," ಎನ್ನುತ್ತಿದ್ದರು, ಮುಖದಲ್ಲಿ ಅಪಾರ ಕಾಳಜಿ.

ಜಗಳ ಆಡಲು ಗಂಡನ ಅನುಮತಿ ಬೇಕಾದ ಹೆಂಡತಿ ಇಡೀ ಊರಿನಲ್ಲಿ ನಾನೊಬ್ಬಳೇ ಇದ್ದಿರಬೇಕು. ಇಬ್ಬರೂ ನಗುತ್ತಿದ್ದೆವು. ಆದರೆ ನನ್ನ ನಗುವಿನ ಕೆಳಗೆ ಒಂದು ಉರಿ ಇತ್ತು, ಅದನ್ನು ಹೇಳಲು ಸಹ ಅವರ ಬೆರಳೇ ಬೇಕಾಗಿತ್ತು.

ಮಾತಾಡದ ಹೊತ್ತಿನಲ್ಲಿ ನಳಿಕೆಯ ಬಾಯಿಗೆ ಒಂದು ಸಣ್ಣ ಟೋಪಿಯಂಥದು ಇರುತ್ತದೆ. ಮೂಗು ಮಾಡುವ ಕೆಲಸವನ್ನು ಅದು ಮಾಡುತ್ತದೆ, ಗಾಳಿಯನ್ನು ತೇವವಾಗಿಟ್ಟು ದೂಳು ತಡೆಯುತ್ತದೆ. ಸಲೀಂ ಅದಕ್ಕೆ ಏರ್ ಫಿಲ್ಟರ್ ಎಂದು ಹೆಸರಿಟ್ಟರು, ಮನೆಮಂದಿಗೆಲ್ಲ ಅದೇ ಹೆಸರು ಖಾಯಂ ಆಯಿತು. ಜೋರಾಗಿ ಕೆಮ್ಮಿದರೆ ಏರ್ ಫಿಲ್ಟರ್ ಹಾರುತ್ತಿತ್ತು. ಒಂದು ಸಲ ಹಾರಿ ಸಾರಿನ ಪಾತ್ರೆಗೆ ಬಿತ್ತು. ಅಮ್ಮಿ ಆ ಸಾರನ್ನಷ್ಟೇ ಅಲ್ಲ, ಪಾತ್ರೆಯನ್ನೂ ಹೊರಗಿಟ್ಟರು. ಇನ್ನೊಂದು ಸಲ ನೋಡಲು ಬಂದ ನೆಂಟರ ಮಡಿಲಿಗೆ ಬಿತ್ತು. ನನಗೆ ನಾಚಿಕೆಯಿಂದ ಸಾಯುವಂತಾಯಿತು.

ಮರುದಿನ ಬೆಳಿಗ್ಗೆ ಸಲೀಂ ಬಿಳಿ ಪ್ಲಾಸ್ಟರ್ ತಂದರು. ರೇಡಿಯೇಟರ್ ಹೋಸಿಗೆ ಸುತ್ತುವವರ ಅಚ್ಚುಕಟ್ಟಿನಲ್ಲಿ, ಒಂದು ಸುಕ್ಕೂ ಇಲ್ಲದಂತೆ, ನಳಿಕೆಗೂ ಏರ್ ಫಿಲ್ಟರಿಗೂ ಸೇರಿಸಿ ಸುತ್ತಿದರು. ಹಿಡಿದು ಜಗ್ಗಿ ನೋಡಿದರು. ಅಲ್ಲಾಡಲಿಲ್ಲ. "ಹೆಂಗೆ? ಇನ್ನು ಹಾರಲ್ಲ," ಎಂದರು. ನಾನು ಖುಷಿಯಿಂದ ತಲೆ ಆಡಿಸಿದೆ. ಬೇರೆ ಯಾವ ಮನೆಯವರಾದರೂ ಹೀಗೆ ಮಾಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ಕೇಳುತ್ತಿದ್ದರು. ನಮಗೆ ಕೇಳಬೇಕೆಂದೇ ತೋಚಲಿಲ್ಲ. ಒಬ್ಬರು ಹೋಸ್ ಪೈಪಿನವರು, ಒಬ್ಬಳು ಕನೆಕ್ಟರಿನವಳು. ಕಳಚದ ಜೋಡಣೆ ಕಂಡರೆ ಇಬ್ಬರಿಗೂ ಅದು ಒಳ್ಳೆಯ ಜೋಡಣೆ.

ಅವತ್ತು ಮಧ್ಯಾಹ್ನ ಅಮ್ಮಿ ಒಳಗೆ ನಮಾಜಿಗೆ ನಿಂತಿದ್ದರು. ಸಲೀಂ ಅಂಗಳದಲ್ಲಿ ಯಾರದೋ ಬೈಕು ಬಿಚ್ಚುತ್ತಿದ್ದರು. ನನಗೆ ಕೆಮ್ಮು ಬಂತು. ಗಟ್ಟಿ ಕಫ ಮೇಲೆ ಬಂದು ಏರ್ ಫಿಲ್ಟರಿನ ಒಳಗೆ ತುಂಬಿಕೊಂಡಿತು. ಎಳೆದರೆ ಗಾಳಿ ಇಲ್ಲ. ಇನ್ನೊಮ್ಮೆ ಎಳೆದೆ. ಇಲ್ಲ. ಪಕ್ಕದಲ್ಲಿ ಕರೆಯಲು ಇಟ್ಟಿದ್ದ ತಟ್ಟೆಯನ್ನು ಕೆಳಗೆ ನೂಕಿದೆ. ಸದ್ದಿಗೆ ಸಲೀಂ ಓಡಿ ಬಂದರು. ನನ್ನ ಮುಖದ ಬಣ್ಣ ನೋಡಿ ಏರ್ ಫಿಲ್ಟರ್ ಹಿಡಿದು ಎಳೆದರು. ಅದು ಬರಲಿಲ್ಲ. ಅವರೇ ಸುತ್ತಿದ್ದ ಪ್ಲಾಸ್ಟರ್, ಅವರ ಕೆಲಸ ಯಾವತ್ತು ಸಡಿಲವಾಗಿತ್ತು? ಮತ್ತೆ ಎಳೆದರು. ನಳಿಕೆಯೇ ಕುತ್ತಿಗೆಯಿಂದ ಈಚೆ ಬರುವ ಹಾಗೆ ಜಗ್ಗಿತು, ಕಣ್ಣು ಕತ್ತಲಿಟ್ಟಿತು. ಅವರ ಕೈ ಅಲ್ಲೇ ನಿಂತುಬಿಟ್ಟಿತು. ಇನ್ನೂ ಎಳೆಯಲು ಧೈರ್ಯವಿಲ್ಲ, ಬಿಡಲೂ ಧೈರ್ಯವಿಲ್ಲ.

ಎಳೆಯಬಾರದು, ತಿರುಗಿಸಬೇಕು ಎಂದು ನನಗೆ ಗೊತ್ತಿತ್ತು. ಅದನ್ನು ಹೇಳಲು ಗಂಟಲಿರಲಿಲ್ಲ. ನನ್ನ ಎಡ ಅಂಗೈಯನ್ನು ಹೇಗೋ ತಂದು ನಳಿಕೆಯ ರೆಕ್ಕೆಯ, ಅಂದರೆ ಕುತ್ತಿಗೆಗೆ ಒರಗಿರುವ ಅದರ ಅಗಲ ಪಟ್ಟಿಯ, ಮೇಲೆ ಇಟ್ಟು ಒತ್ತಿಕೊಂಡೆ. ಬಲಗೈಯಿಂದ ಅವರ ಮುಷ್ಟಿಯನ್ನು ಹೊಡೆದು ಹೊಡೆದು ಒಂದು ಪಕ್ಕಕ್ಕೆ ನೂಕಿದೆ. ಅವರಿಗೆ ಹೊಳೆಯಿತು. ಪ್ಲಾಸ್ಟರಿನ ತುದಿಯನ್ನು ಉಗುರಿನಲ್ಲಿ ಹರಿದು, ಒಂದನ್ನು ಹಿಡಿದು ಇನ್ನೊಂದನ್ನು ತಿರುಗಿಸಿದರು. ಪಟ್ಟೆಂದು ಬಂತು. ಕಫ ಎದುರಿನ ಗೋಡೆಗೆ ಹೋಗಿ ಬಿತ್ತು. ಗಾಳಿ ಒಳಗೆ ಬಂತು. ಆ ಗಾಳಿಯ ರುಚಿಯನ್ನು ಹೇಗೆ ಹೇಳಲಿ, ನನಗೆ ಬರುವುದಿಲ್ಲ.

ಆಮೇಲೆ ಇಬ್ಬರೂ ನೆಲದ ಮೇಲೆ ಕೂತಿದ್ದೆವು. ಸಲೀಂ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ನನ್ನೆದುರು ಕೂತು ನಳಿಕೆಯ ಮೇಲೆ ಬೆರಳಿಟ್ಟರು.

"ಬೈ," ಎಂದರು. "ಎಷ್ಟು ಬೇಕಾದ್ರೂ ಬೈ. ತೆಗೆಯಲ್ಲ."

ಅವರ ಕಣ್ಣಲ್ಲಿ ನೀರು ತುಂಬಿತ್ತು. ನಾನು ತಿಂಗಳುಗಟ್ಟಲೆ ಕೂಡಿಟ್ಟ ಬೈಗುಳ ಎಲ್ಲ ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ.

"ಟೀ ಮಾಡಿ," ಎಂದೆ.

ಸಂಜೆ ಸಲೀಂ ಶಶಿಕಲಾ ಸಿಸ್ಟರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದರು. ಆ ಕಡೆಯಿಂದ ಬಂದ ಗದರಿಕೆ ನನಗೂ ಕೇಳಿಸಿತು. "ಪ್ಲಾಸ್ಟರ್ ಹಾಕ್ತಾರೇನ್ರೀ ಯಾರಾದ್ರೂ? ಬೀಳೋದಾದ್ರೆ ಬೀಳ್ಲಿ ಬಿಡಿ ಅಣ್ಣ. ಬಿದ್ದಿದ್ದನ್ನ ಎತ್ಕೋಬಹುದು."

ಇದನ್ನು ನಾನು ಬಹಳ ಯೋಚಿಸಿದ್ದೇನೆ. ಹಿಡಿದುಕೊಳ್ಳುವುದು ಒಂದು ಗುಣ, ಸರಿ. ಬಿಡಬೇಕಾದಾಗ ಬಿಡುವುದು ಅದರಷ್ಟೇ ದೊಡ್ಡ ಗುಣ. ನಮ್ಮ ಪರೀಕ್ಷೆಯ ಮೇಜಿನ ಮೇಲೆ ಒಣಗಿದ, ಬಲವಾದ, ಹೆದರಿಕೆಯಿಲ್ಲದ ಕೈಗಳೇ ಕನೆಕ್ಟರನ್ನು ಬಿಚ್ಚುತ್ತವೆ. ಮನೆಯಲ್ಲಿ ಅದನ್ನು ಬಿಚ್ಚುವ ಕೈ ಒದ್ದೆಯಾಗಿರುತ್ತದೆ, ನಡುಗುತ್ತಿರುತ್ತದೆ, ಕೆಲವೊಮ್ಮೆ ಸ್ಪರ್ಶವೇ ಇರುವುದಿಲ್ಲ. ಈಗ ನಾನು ಅರ್ಧ ದಿನದ ಮಟ್ಟಿಗೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಎರಡು ಕಡೆ ಅಗಲವಾದ ಕಿವಿಗಳಿರುವ ಒಂದು ಕನೆಕ್ಟರ್ ಬರೆದಿದ್ದೇನೆ, ಬೆರಳು ಬೇಡ, ಅಂಗೈ ಅಂಚು ತಾಗಿಸಿ ತಿರುಗಿಸಿದರೆ ಸಾಕು. ಪರೀಕ್ಷೆಗಳು ಮುಗಿದಿಲ್ಲ, ಯಾವ ರೋಗಿಯ ಕೈಗೂ ಹೋಗಿಲ್ಲ. ನನ್ನ ಕುತ್ತಿಗೆಗೂ ಹಾಕಿಕೊಂಡಿಲ್ಲ. ಪ್ರಭಾಕರ್ ಸರ್ ಒಂದು ಸಲ ಅದನ್ನು ಕೈಯಲ್ಲಿ ಹಿಡಿದು ನನ್ನ ಕುತ್ತಿಗೆಯ ಕಡೆ ಆಸೆಯಿಂದ ನೋಡಿದರು. ನಾನು ತಲೆ ಅಲ್ಲಾಡಿಸಿದೆ, ಅವರೂ ನಕ್ಕು ಒಳಗಿಟ್ಟರು.

ಕೆಲಸಕ್ಕೆ ಹೋಗುವ ಈ ದಿನಗಳು ಬರುವುದಕ್ಕೆ ಮೊದಲು ಇನ್ನೊಂದು ಹೊಸಿಲು ದಾಟಬೇಕಿತ್ತು. ಪ್ಲಾಸ್ಟರಿನ ಪ್ರಸಂಗದ ನಂತರ ಸಲೀಂ ಗ್ಯಾರೇಜಿಗೆ ಹೋಗುವುದನ್ನೇ ಬಿಟ್ಟರು. ನಾನು ಮಲಗಿದರೆ ಮಂಚದ ಪಕ್ಕ, ಎದ್ದರೆ ಕುರ್ಚಿಯ ಪಕ್ಕ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ಕೆಮ್ಮು ಲೆಕ್ಕ ಹಾಕುತ್ತಿದ್ದರು. ಪ್ರೀತಿಯೇ, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬ ಮನುಷ್ಯ ತನ್ನ ಕೆಲಸ ಬಿಟ್ಟು ಇನ್ನೊಬ್ಬರ ಉಸಿರನ್ನೇ ನೋಡುತ್ತ ಕೂತರೆ ಇಬ್ಬರಿಗೂ ಉಸಿರುಗಟ್ಟುತ್ತದೆ. ಮನೆಯಲ್ಲಿ ಒಂದು ಗಳಿಗೆ ನಾನೊಬ್ಬಳೇ ಇರಬೇಕು ಎಂದು ನನಗೆ ಹಸಿವಿನ ಹಾಗೆ ಆಸೆಯಾಗುತ್ತಿತ್ತು.

"ಗ್ಯಾರೇಜ್ ಬಾಗಿಲು ತೆಗೀರಿ," ಎಂದೆ ಒಂದು ದಿನ.

"ಉಸಿರು ತಗೋ," ಎಂದು ಬೆರಳು ತೆಗೆದರು.

ನಾನು ಪ್ರಭಾಕರ್ ಸರ್ ಅವರಿಗೆ ಗೆಣ್ಣಿನಿಂದ ಒತ್ತಿ ಒತ್ತಿ ಒಂದು ಮೆಸೇಜು ಬರೆದೆ. ನಳಿಕೆ ಹೇಗೆ ಕೂರುತ್ತದೆ ಎಂದು ನೋಡಲು ನಮ್ಮಲ್ಲಿ ರಬ್ಬರಿನ ಒಂದು ಕುತ್ತಿಗೆ ಇದೆ, ತಲೆ ಇಲ್ಲ, ಮೈ ಇಲ್ಲ, ಬರೀ ಕುತ್ತಿಗೆ. ಅದನ್ನು ಕಳಿಸಿಕೊಟ್ಟರು. ಊಟದ ಮೇಜಿನ ಮೇಲೆ ಅದನ್ನು ಇಟ್ಟುಕೊಂಡು ಏರ್ ಫಿಲ್ಟರ್ ಹಾಕುವುದು, ತೆಗೆಯುವುದು, ಹಾಕುವುದು, ತೆಗೆಯುವುದು. ಬೆರಳ ತುದಿ ಬೇಡ, ಹೆಬ್ಬೆರಳಿನ ಬುಡ ಮತ್ತು ಅಂಗೈಯ ಅಂಚು ಸಾಕು ಎಂದು ತಿಳಿಯಿತು. ಅಮ್ಮಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಅನ್ನ ಉಣ್ಣೋ ಜಾಗದಲ್ಲಿ ಯಾರದೋ ಕತ್ತು!" ಎಂದು ನನ್ನ ಅಭ್ಯಾಸ ಮುಗಿದ ಕೂಡಲೇ ಅದರ ಮೇಲೆ ತಮ್ಮ ದುಪಟ್ಟಾ ಮುಚ್ಚುತ್ತಿದ್ದರು. ಒಮ್ಮೆ ಬಂದ ಪಕ್ಕದ ಮನೆಯವರು ಯಾರೋ ದುಪಟ್ಟಾ ಹೊದ್ದು ಕೂತಿದ್ದಾರೆ ಎಂದುಕೊಂಡು ಅದಕ್ಕೆ ಸಲಾಂ ಹೇಳುವುದೊಂದು ಬಾಕಿ.

ರಬ್ಬರಿನ ಕುತ್ತಿಗೆಯ ಮೇಲೆ ತಪ್ಪದೆ ಬರತೊಡಗಿದ ಮೇಲೆ ನನ್ನ ಮೇಲೆ ಪ್ರಯತ್ನಿಸಿದೆ, ಸಲೀಂ ನೋಡುತ್ತಿದ್ದಂತೆ. ಬಂತು. ಇನ್ನೊಮ್ಮೆ, ಬೇಕೆಂದೇ ಕಣ್ಣು ಮುಚ್ಚಿ. ಬಂತು. ಅವರು ಮಾರನೇ ದಿನ ಬೆಳಿಗ್ಗೆ ಗ್ಯಾರೇಜಿನ ಬೀಗದ ಕೈ ಹುಡುಕುತ್ತಿದ್ದರು. ಅಮ್ಮಿ ಅವತ್ತು ರವೀಂದ್ರನಗರದಲ್ಲಿರುವ ನನ್ನ ಅಕ್ಕನ ಮನೆಗೆ ಹೋಗಬೇಕಿತ್ತು, ಅವರೂ ಹೊರಟರು.

ಹೊರಡುವ ಮುಂಚೆ ಸಲೀಂ ನನ್ನೆದುರು ಕೂತು ಪಾಠ ಹೇಳಿದರು. "ನಾನು ಫೋನ್ ಮಾಡ್ತೀನಿ. ಎತ್ತಿ ಸ್ಪೀಕರಿಗೆ ಹಾಕು. ಚೆನ್ನಾಗಿದ್ರೆ ಮೇಜಿನ ಮೇಲೆ ಒಂದ್ಸಲ ಕುಟ್ಟು. ಏನಾದ್ರೂ ಆಗಿದ್ರೆ ಎರಡ್ಸಲ. ಐದು ನಿಮಿಷದಲ್ಲಿ ಬರ್ತೀನಿ."

ಬೈಕಿನ ಸದ್ದು ತಿರುವಿನಲ್ಲಿ ಮರೆಯಾಯಿತು. ಮನೆಯಲ್ಲಿ ಯಾರೂ ಇಲ್ಲ. ಗೋಡೆ, ಫ್ಯಾನು, ನಾನು. ಆನಂದವಾಗುತ್ತದೆ ಎಂದುಕೊಂಡಿದ್ದೆ, ಮೊದಲು ಆದದ್ದು ಭಯ. ಆ ಭಯಕ್ಕೇ ಇರಬೇಕು, ಕೆಮ್ಮು ಬಂತು. ಒಂದು, ಎರಡು, ಆಮೇಲೆ ಗಟ್ಟಿ ಕಫ. ಗಾಳಿ ಕಟ್ಟಿತು. ಎಡ ಅಂಗೈ ನಳಿಕೆಯ ರೆಕ್ಕೆಗೆ. ಬಲಗೈಯ ಹೆಬ್ಬೆರಳ ಬುಡ, ಅಂಗೈಯ ಅಂಚು. ತಿರುವಿದೆ. ಬಂತು. ಏರ್ ಫಿಲ್ಟರ್ ನೆಲಕ್ಕೆ ಬಿತ್ತು, ಬೀಳಲಿ. ಉಸಿರು ಎಳೆದೆ. ಮೇಜಿನ ಮೇಲಿದ್ದ ಬಟ್ಟೆಯ ಚೂರು ತೆಗೆದುಕೊಂಡು ಒರೆಸಿದೆ, ಬಟ್ಟೆ ಕೈಜಾರಿ ಕೆಳಗೆ ಬಿತ್ತು. ಇನ್ನೂ ಒಂಚೂರು ಉಳಿದಿತ್ತು. ಬಗ್ಗಲು ಬೇಸರವಾಗಿ, ತೊಳೆದ ಕೈ ತಾನೇ ಎಂದು, ಬಾಗಿಸಿದ ತೋರುಬೆರಳಿನ ಹಿಂಬದಿಯಿಂದ ನಳಿಕೆಯ ಬಾಯಿ ಒರೆಸುತ್ತ "ಛೀ" ಎಂದೆ.

ಅದು ಕೇಳಿಸಿತು.

ನಾನು ಅಲ್ಲಾಡದೆ ಕೂತೆ. ಬೆರಳ ತುದಿಗೆ ಇಲ್ಲದ ಸ್ಪರ್ಶ ಗೆಣ್ಣಿನ ಹಿಂದೆ ಇತ್ತು. ರಂಧ್ರದ ಅಂಚು ಪೂರ್ತಿ ದುಂಡಗೆ, ತಣ್ಣಗೆ ಚರ್ಮಕ್ಕೆ ತಾಗುತ್ತಿತ್ತು. ಮುಚ್ಚಿದ್ದು ತಿಳಿಯುತ್ತಿತ್ತು, ತೆರೆದದ್ದು ತಿಳಿಯುತ್ತಿತ್ತು. ಉಸಿರು ತೆಗೆದುಕೊಂಡು ಗೆಣ್ಣು ಒತ್ತಿ "ಅಮ್ಮಿ" ಎಂದೆ. ಖಾಲಿ ಮನೆಯಲ್ಲಿ ಆ ಒಡಕು ಧ್ವನಿ ಎಷ್ಟು ದೊಡ್ಡದಾಗಿ ಕೇಳಿಸಿತು ಎಂದರೆ ನಾನೇ ಬೆಚ್ಚಿದೆ. ಫ್ಯಾನಿಗೆ ಬೈದೆ, ಗೋಡೆಗೆ ಬೈದೆ. ಅಳುತ್ತಿದ್ದೇನೆ ಎಂದು ಆಮೇಲೆ ಗೊತ್ತಾಯಿತು.

ಆಗ ಫೋನ್ ಬಂತು. ಎಡಗೈಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ. ಆ ಕಡೆ ಯಾವುದೋ ಇಂಜಿನ್ ಓಡುತ್ತಿತ್ತು. ಸಲೀಂ ನಾನು ಮೇಜು ಕುಟ್ಟುವುದಕ್ಕೆ ಕಾಯುತ್ತಿದ್ದರು.

"ಹಲೋ," ಎಂದೆ.

ಇಂಜಿನ್ ನಿಂತಿತು.

"ಯಾರಿದಾರೆ ಅಲ್ಲಿ?" ಸಲೀಂ ಅವರ ಧ್ವನಿ ಏರಿತು. "ಅಮ್ಮಿ ವಾಪಸ್ ಬಂದ್ರಾ? ಯಾರು ಬೆರಳಿಟ್ಟಿರೋದು?"

ಕೈ ತೆಗೆದು ಒಂದು ಉಸಿರು ತೆಗೆದುಕೊಂಡೆ. ಮತ್ತೆ ಮುಚ್ಚಿದೆ.

"ನಾನೇ ಕಣ್ರೀ."